8Ø ಇರಬೇಕಾದಲ್ಲಿ 8? ಕಾಣ್ತಿದೆಯಾ?

ಬೇರೆಯವರು ಕಳಿಸಿದ ಆಟೋಕ್ಯಾಡ್ (ನಕ್ಷೆ ಬಿಡಿಸುವ ಸಾಫ್ಟ್‌ವೇರ್) ಫೈಲ್ ತೆರೆದಾಗ ಕಂಬಿಯ ಅಳತೆ ಪಕ್ಕ Ø (ವ್ಯಾಸದ ಗುರುತು) ಬದಲು ಪ್ರಶ್ನೆ ಗುರುತು ಬಂದರೆ ಗಾಬರಿಯಾಗಬೇಡಿ. ಸಾಮಾನ್ಯವಾಗಿ ಫೈಲ್ ಕೆಟ್ಟಿರಲ್ಲ. ಅವರು ಬಳಸಿದ ಎಸ್‌ಎಚ್‌ಎಕ್ಸ್ ಫಾಂಟ್ (ಆಟೋಕ್ಯಾಡಿನ ಅಕ್ಷರಗಳ ಫೈಲ್) ನಿಮ್ಮ ಕಂಪ್ಯೂಟರಿನಲ್ಲಿ ಇರಲ್ಲ, ಅಷ್ಟೇ. ಸ್ಟೈಲ್ ಕಮಾಂಡ್ ಕೊಟ್ಟು ಆ ಟೆಕ್ಸ್ಟ್ ಸ್ಟೈಲಿಗೆ ಸಿಂಪ್ಲೆಕ್ಸ್ ಅಥವಾ ರೋಮನ್ಸ್ ಫಾಂಟ್ ಹಾಕಿ, ರೀಜೆನ್ ಕಮಾಂಡ್ ಕೊಟ್ಟು ಪರದೆಯ ಚಿತ್ರ ಹೊಸದಾಗಿ ಮೂಡಿಸಿ ನೋಡಿ. ನೀವು ಕಳಿಸುವಾಗ ಇ-ಟ್ರಾನ್ಸ್‌ಮಿಟ್ (ನಕ್ಷೆ ಜೊತೆ ಬೇಕಾದ ಫೈಲುಗಳನ್ನು ಒಟ್ಟಿಗೆ ಕಟ್ಟಿಕೊಡುವ ಕಮಾಂಡ್) ಬಳಸಿ, ಅದರಲ್ಲಿ ಫಾಂಟ್ ಸೇರಿಸುವ ಆಯ್ಕೆಗೆ ಟಿಕ್ ಹಾಕಿ.

ನೀವೇ ಟೈಪ್ ಮಾಡೋದಾದರೆ ಎರಡು ಸಲ % ಹಾಕಿ ಇಂಗ್ಲಿಷಿನ ಸಿ ಒತ್ತಿದರೆ Ø, ಡಿ ಒತ್ತಿದರೆ °, ಪಿ ಒತ್ತಿದರೆ ±.

ಫಾಂಟ್‌ಗಿಂತ ಜಾಸ್ತಿ ಕಾಟ ಕೊಡೋದು ಕೈಯಲ್ಲಿ ತಿದ್ದಿದ ಅಳತೆ. ಒಮ್ಮೆ ನನಗೆ ಬಂದ ಪ್ಲಾನಿನಲ್ಲಿ ರೂಮಿನ ಅಗಲ 10'-0" ಅಂತಿತ್ತು. ಡಿಸ್ಟ್ ಕಮಾಂಡಿನಲ್ಲಿ ಅಳೆದರೆ 9'-6"! ಯಾರೋ ಗೆರೆ ಸರಿಸದೆ ಅಂಕಿ ಮಾತ್ರ ಬದಲಿಸಿದ್ದರು. ಸೈಟಲ್ಲಿ ಗುರುತು ಹಾಕಿದ ಮೇಲೆ ಗೊತ್ತಾಗಿದ್ದರೆ ಏನು ಗತಿ, ಅಲ್ವಾ? ಅನುಮಾನ ಬಂದ ಡೈಮೆನ್ಷನ್ (ನಕ್ಷೆಯಲ್ಲಿ ಅಳತೆ ತೋರಿಸುವ ಗೆರೆ-ಅಂಕಿ) ಆರಿಸಿ, ಪ್ರಾಪರ್ಟೀಸ್‌ನಲ್ಲಿ 'ಟೆಕ್ಸ್ಟ್ ಓವರ್‌ರೈಡ್' ನೋಡಿ. ಅಲ್ಲಿ ಅಂಕಿ ಕಂಡರೆ ಅಳಿಸಿ, ನಿಜವಾದ ಅಳತೆ ತಾನೇ ಬರುತ್ತದೆ.