ಒಂಬತ್ತು ಕಡ್ಡಿಯ ಕುರುವೆ

ಉಡುಪಿ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಮಾಷ್ಟ್ರು. ಕೆಲವು ವರ್ಷಗಳ ಹಿಂದೆ ಎಂಟನೇ ಕ್ಲಾಸಿನಲ್ಲಿ "ಕೊರಗಜ್ಜ ಯಾರಿಗೆಲ್ಲ ಗೊತ್ತು?" ಎಂದು ಕೇಳಿದೆ. ಕೊರಗ ಸಮುದಾಯದಲ್ಲಿ ಹುಟ್ಟಿದನೆಂದು ನಂಬುವ, ನಮ್ಮ ಕಡೆಯ ದೈವ ಅದು. ಕ್ಲಾಸಿಗೆ ಕ್ಲಾಸೇ ಕೈ ಎತ್ತಿತು. ಒಬ್ಬ ಅಜ್ಜನ ಸ್ಥಾನವಿರುವ ಕುತ್ತಾರಿಗೆ ಹೋಗಿ ಬಂದಿದ್ದ. ಇನ್ನೊಬ್ಬಳ ಮನೆಯಲ್ಲಿ ಏನಾದರೂ ಕಳೆದುಹೋದರೆ ಅಜ್ಜನಿಗೆ ಚಕ್ಕುಲಿ, ವೀಳ್ಯ ಹೇಳಿಕೊಳ್ಳುತ್ತಾರೆ. "ಸರಿ, ಕೊರಗ ಸಮುದಾಯದವರ ಮನೆ ಜಗಲಿಯಲ್ಲಿ ಕೂತು ಮಾತಾಡಿದವರು ಯಾರು?" ಎಂದು ಮುಂದೆ ಕೇಳಿದೆ. ಒಂದು ಕೈಯೂ ಏಳಲಿಲ್ಲ. ಮೂರನೇ ಬೆಂಚಿನ ಒಬ್ಬ ಹುಡುಗಿ ತಲೆ ತಗ್ಗಿಸಿ ಕೂತಳು. ಅವಳದ್ದೇ ಮನೆಯ ಮಾತು ಅದು ಎಂದು ನನಗೆ ಆಮೇಲೆ ಗೊತ್ತಾಯಿತು. ಆ ಪ್ರಶ್ನೆಯನ್ನು ಮತ್ತೆ ಯಾವ ಕ್ಲಾಸಿನಲ್ಲೂ ಕೇಳಿಲ್ಲ.

ಆದರೆ ವಿಷಯವನ್ನು ಬಿಡಲು ಮನಸ್ಸಾಗಲಿಲ್ಲ. ಸರ್ಕಾರ ವಿಶೇಷವಾಗಿ ದುರ್ಬಲ ಬುಡಕಟ್ಟು ಎಂದು ಗುರುತಿಸಿದ ಸಮುದಾಯಗಳು ಕರ್ನಾಟಕದಲ್ಲಿ ಎರಡೇ. ಒಂದು ಜೇನು ಕುರುಬರು, ಇನ್ನೊಂದು ಕೊರಗರು. ಕೊರಗರು ಇರುವುದು ನಮ್ಮ ಉಡುಪಿ, ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕಡೆ. ಹರಪ್ಪದ ಬಗ್ಗೆ ಪುಟಗಟ್ಟಲೆ ಬರೆಯುವ ನಮ್ಮ ಮಕ್ಕಳಿಗೆ ಪಕ್ಕದ ಕಾಲೊನಿಯವರ ಚರಿತ್ರೆ ಗೊತ್ತಿಲ್ಲ ಅಂದರೆ ಹೇಗೆ?

ಹತ್ತಿರದ ಕಾಲೊನಿಯಲ್ಲಿ ಬುಟ್ಟಿ ಹೆಣೆಯುವ ಒಬ್ಬರು ಅಕ್ಕ ಇದ್ದಾರೆ. ಅವರ ಹತ್ತಿರ ಹೋಗಿ ಶಾಲೆಯಲ್ಲಿ ಕೊರಗರ ಬಗ್ಗೆ ಒಂದು ಕಮ್ಮಟ ಮಾಡುವ ನನ್ನ ಪ್ಲ್ಯಾನ್ ಹೇಳಿದೆ. ಮಕ್ಕಳಿಗೆ ಸೊಪ್ಪಿನ ಉಡುಗೆ ಹಾಕಿಸುವುದು, ಅಂಗಳದಲ್ಲಿ ಸೊಪ್ಪಿನ ಗುಡಿಸಲು ಕಟ್ಟಿಸುವುದು, ಡೋಲಿಗೆ ಕುಣಿಸುವುದು. ಅಕ್ಕ ಪೂರ್ತಿ ಕೇಳಿಸಿಕೊಂಡರು. "ಸೊಪ್ಪು ನಮ್ಮ ಡ್ರೆಸ್ ಅಲ್ಲ ಮಾಷ್ಟ್ರೇ. ಬಟ್ಟೆ ಉಡಲಿಕ್ಕೆ ಬಿಡಲಿಲ್ಲ, ಅದಕ್ಕೆ ಉಟ್ಟದ್ದು. ಅದನ್ನು ಮಕ್ಕಳಿಗೆ ಹಾಕಿಸಿ ಚಪ್ಪಾಳೆ ಹೊಡೆಸ್ತೀರಾ?"

ಹಬ್ಬದ ದಿನಗಳಲ್ಲಿ ಮೈಗೆ ಕಪ್ಪು ಬಳಿದು ಕೊರಗರ ವೇಷ ಹಾಕುವುದನ್ನು ಈ ಸಮುದಾಯ ವರ್ಷಗಳಿಂದ ವಿರೋಧಿಸುತ್ತಾ ಬಂದಿದೆ. ನಾನು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಶಾಲೆಯೊಳಗೆ ತರಲು ಹೊರಟಿದ್ದೆ. "ಹಾಗಾದರೆ ಏನು ಮಾಡುವ ಅಕ್ಕ?" ಎಂದು ಕೇಳಿದೆ. "ಬುಟ್ಟಿ ಹೆಣೆಸುವ. ಅದು ನನಗೆ ಬರ್ತದೆ, ನಿಮಗೆ ಬರುವುದಿಲ್ಲ" ಎಂದರು. ನಮ್ಮ ಕಮ್ಮಟ ಇವತ್ತಿಗೂ ನಡೆಯುತ್ತಿರುವುದು ಆ ಮಾತಿನ ಮೇಲೆ. ಕಲಿಸುವವರು ಅವರು. ನಾನು ಮಕ್ಕಳ ಜೊತೆ ಚಾಪೆಯ ಮೇಲೆ ಕೂರುವವನು.

ಮೊದಲ ಕೆಲಸ ಬಳ್ಳಿ ತರುವುದು. ತುಳುವಿನಲ್ಲಿ ಬೂರು ಅನ್ನುತ್ತಾರೆ. ಕಮ್ಮಟಕ್ಕೆ ಎರಡು ದಿನ ಮೊದಲು ಅಕ್ಕ, ಅವರ ಮಗ, ನಾನು ಗುಡ್ಡೆಗೆ ಹೋದೆವು. ಅರ್ಧ ದಿನ ಅಲೆದರೂ ಸಿಕ್ಕಿದ್ದು ಎರಡು ಹೊರೆ. ಅವರು ಚಿಕ್ಕವರಿದ್ದಾಗ ಮನೆ ಹಿಂದೆಯೇ ಸಿಗುತ್ತಿತ್ತಂತೆ. ಈಗ ಅಲ್ಲೆಲ್ಲ ಅಕೇಶಿಯಾ, ರಬ್ಬರ್. ತಂದ ಬಳ್ಳಿ ಒಣಗಿದರೆ ಬಗ್ಗುವುದಿಲ್ಲ, ಮುರಿಯುತ್ತದೆ. ಒದ್ದೆ ಗೋಣಿಯಲ್ಲಿ ಸುತ್ತಿ ಲ್ಯಾಬಿನ ಮೂಲೆಯಲ್ಲಿ ಇಟ್ಟೆವು.

ಶನಿವಾರ ಮಕ್ಕಳನ್ನು ಆರು ಗುಂಪು ಮಾಡಿದೆ. ಸಿಬ್ಬಲು, ತಡ್ಪೆ, ಕುಡುಪು, ಹೆಡಿಗೆ ಹೀಗೆ ಬಗೆಬಗೆಯ ಬುಟ್ಟಿ, ಮೊರಗಳನ್ನು ಅಕ್ಕ ತಂದಿಟ್ಟಿದ್ದರು. ಗಂಜಿ ಬಸಿಯುವ ಸಿಬ್ಬಲನ್ನು ಎಲ್ಲರೂ ಗುರುತಿಸಿದರು. ಮಂಗಳೂರಿನ ಹತ್ತಿರದ ಕುಡುಪು ಎಂಬ ಊರಿನ ಹೆಸರೂ ಬುಟ್ಟಿಯಿಂದಲೇ ಬಂತು ಎನ್ನುತ್ತಾರೆ ಎಂದಾಗ ಹಲವರಿಗೆ ಆಶ್ಚರ್ಯ. ಹೆಣೆಯಲು ಆರಿಸಿದ್ದು ಕುರುವೆ ಎಂಬ ಸಣ್ಣ ಬುಟ್ಟಿ. ಒಂದೊಂದು ಗುಂಪಿಗೆ ಎಂಟೆಂಟು ಕಡ್ಡಿ ಲೆಕ್ಕ ಹಾಕಿ ನಾನೇ ಮೊದಲೇ ಕತ್ತರಿಸಿಟ್ಟಿದ್ದೆ. ಕಡ್ಡಿಗಳನ್ನು ಸೂರ್ಯನ ಕಿರಣದ ಹಾಗೆ ಹರಡಿ, ಬಳ್ಳಿಯನ್ನು ಒಂದರ ಮೇಲೆ, ಒಂದರ ಕೆಳಗೆ ಹಾಯಿಸುತ್ತಾ ಹೋಗಬೇಕು. ಮೊದಲ ಸುತ್ತು ಸರಿಯಾಯಿತು. ಎರಡನೇ ಸುತ್ತಿನಲ್ಲಿ ಬಳ್ಳಿ ಮತ್ತೆ ಅದೇ ಕಡ್ಡಿಗಳ ಮೇಲೇ ಬಂತು. ಹೆಣಿಗೆ ಹಿಡಿಯಲೇ ಇಲ್ಲ, ಜಾರುತ್ತಿತ್ತು. ಅಕ್ಕ ಸುಮ್ನೆ ನೋಡುತ್ತಾ ಇದ್ದರು. ಆಮೇಲೆ ಒಂದು ಗುಂಪಿನ ನಡುವೆ ಕೂತು ಇನ್ನೊಂದು ಕಡ್ಡಿ ತೂರಿಸಿದರು. ಒಂಬತ್ತಾಯಿತು. ಈಗ ಮೇಲೆ ಬಂದದ್ದು ಮುಂದಿನ ಸುತ್ತಿನಲ್ಲಿ ಕೆಳಗೆ ಹೋಯಿತು, ಬುಟ್ಟಿ ಬಿಗಿಯಾಯಿತು. "ಬೆಸ ಸಂಖ್ಯೆ ಬೇಕು ಸರ್!" ಎಂದು ಗಣಿತದಲ್ಲಿ ಯಾವಾಗಲೂ ಹಿಂದೆ ಬೀಳುವ ಹುಡುಗ ಕೂಗಿದ. ಯಾಕೆ ಬೇಕು ಎಂದು ಬೋರ್ಡಿನ ಮೇಲೆ ವಿವರಿಸಿದ್ದೂ ಅವನೇ.

ಮಧ್ಯಾಹ್ನ ಬಿಸಿಯೂಟಕ್ಕೆ ಅಕ್ಕ ಮಕ್ಕಳ ಸಾಲಿನಲ್ಲೇ ಕೂತರು. ಊಟದ ನಂತರ ಬೆಲೆಯ ಲೆಕ್ಕ. ಒಂದು ಹೆಡಿಗೆಗೆ ಬಳ್ಳಿ ಹುಡುಕಲು, ಕೆರೆಯಲು, ಹೆಣೆಯಲು ಒಟ್ಟು ಒಂದೂವರೆ ದಿನ. ಒಬ್ಬನ ಅಪ್ಪನಿಗೆ ಕಲ್ಲು ಕಟ್ಟುವ ಕೆಲಸದಲ್ಲಿ ದಿನಕ್ಕೆ 800 ರೂಪಾಯಿ. ಹಾಗಾದರೆ ಹೆಡಿಗೆಗೆ 1,200 ಆಗಬೇಕು. ಅಕ್ಕನಿಗೆ ಸಿಗುವುದು 300. ಹಿಂದಿನ ಸಾಲಿನಿಂದ ಒಬ್ಬಳು ಮೆಲ್ಲಗೆ ಹೇಳಿದಳು: "ನನ್ನ ಅಮ್ಮ ಅದರಲ್ಲೂ ಚರ್ಚೆ ಮಾಡಿ 50 ರೂಪಾಯಿ ಕಡಿಮೆ ಮಾಡಿಸ್ತಾರೆ." ಅಲ್ಲಿಂದ ಪ್ಲಾಸ್ಟಿಕ್ ಬುಟ್ಟಿಯ ಮಾತು ಬಂತು, ಕಾಡಿನ ಮಾತು ಬಂತು. ನಾನು ಎರಡು ಪೀರಿಯಡ್‌ನಲ್ಲಿ ಹೇಳಿ ಮುಗಿಸಲಾಗದ ಅರ್ಥಶಾಸ್ತ್ರ ಅದು.

ಕೊರಗರನ್ನು ಕೀಳಾಗಿ ಕಂಡು ಅವಮಾನದ ಕೆಲಸಗಳನ್ನು ಮಾಡಿಸುತ್ತಿದ್ದ ಅಜಲು ಪದ್ಧತಿಯ ಬಗ್ಗೆ ಯಾವಾಗ ಹೇಳುವುದು, ಯಾರು ಹೇಳುವುದು ಎಂಬುದೇ ನನಗೆ ದೊಡ್ಡ ಚಿಂತೆಯಾಗಿತ್ತು. ಅಕ್ಕ ನೇರವಾಗಿ ಹೇಳಿದರು: "ಅದನ್ನು ನೀವೇ ಹೇಳಿ. ಮಾಡಿದ್ದು ನಾವಲ್ಲ." ಆ ಪಾಠದ ದಿನ ಅವರು ಬರಲಿಲ್ಲ. ಕರ್ನಾಟಕ ಸರ್ಕಾರ 2000ದಲ್ಲಿ ಅಜಲು ನಿಷೇಧ ಕಾಯ್ದೆ ತಂದಿತು. ಅದು ಯಾವುದನ್ನೆಲ್ಲ ಅಪರಾಧ ಎಂದು ಹೆಸರಿಸುತ್ತದೆ ಎಂದು ಓದಿ ಹೇಳಿದೆ. ಅನ್ನದಲ್ಲಿ ಕೂದಲು, ಉಗುರು ಬೆರೆಸಿ ಉಣ್ಣಿಸುವುದು. ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಓಡಿಸುವುದು. ಕ್ಲಾಸು ನಿಶ್ಶಬ್ದವಾಯಿತು. ಕಂಬಳ ನಮ್ಮ ಮಕ್ಕಳಿಗೆ ಪ್ರಾಣ. ಮನೆಯಲ್ಲಿ ಕೋಣ ಸಾಕಿರುವ ಹುಡುಗನೊಬ್ಬ ಎದ್ದು ನಿಂತು, "ಇದು ಮುತ್ತಜ್ಜನ ಕಾಲದ್ದಾ ಸರ್?" ಎಂದ. "ಕಾಯ್ದೆ ಬರುವಾಗ ನಿನ್ನ ಅಪ್ಪ ಶಾಲೆಗೆ ಹೋಗುತ್ತಿದ್ದರು" ಎಂದೆ. ಅವನು ತುಂಬ ಹೊತ್ತು ನಿಂತೇ ಇದ್ದ.

ಈ ಪಾಠ ಬುಟ್ಟಿಯ ದಿನಕ್ಕಿಂತ ಮೊದಲು ಬರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊದಲೇ ಹೇಳಿದರೆ ಮಕ್ಕಳು ಅಕ್ಕನನ್ನು ಅಯ್ಯೋ ಪಾಪ ಎಂದು ನೋಡುತ್ತಾರೆ. ಕೈಗೆ ಕೆಲಸ ಕಲಿಸಿದ ಗುರು ಎಂದು ನೋಡಿದ ಮೇಲೆ ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ಸಿಟ್ಟೇ ಬರಬೇಕು.

ಎರಡನೇ ವರ್ಷ ಡೋಲು ಬಾರಿಸುವ ಅಣ್ಣನೂ ಸೇರಿದರು. ಇನ್ನೊಂದು ಶಾಲೆಯವರು ನಮ್ಮನ್ನು ಕರೆದರು. ಆದರೆ ಅವರು ಕೇಳಿದ್ದು ಮುಖ್ಯ ಅತಿಥಿಗಳನ್ನು ಗೇಟಿನಿಂದ ವೇದಿಕೆಯವರೆಗೆ ಡೋಲು ಬಡಿದು ಕರೆತರಲು. ಅಣ್ಣನ ಹಿರಿಯರು ಕರೆದಲ್ಲಿಗೆ ಹೋಗಿ ಬಾಗಿಲ ಹೊರಗೆ ಡೋಲು ಬಡಿಯಬೇಕಿತ್ತು, ಅಜಲು ಅಂದರೆ ಅದೂ ಹೌದು. ಅಣ್ಣನೇ ಮುಖ್ಯ ಅತಿಥಿ ಆಗಲಿ ಎಂದೆ. ಒಪ್ಪಲಿಲ್ಲ. ನಾವು ಹೋಗಲಿಲ್ಲ. ನಮ್ಮಲ್ಲಿ ಅಣ್ಣ ಕುರ್ಚಿಯಲ್ಲಿ ಕೂತು, ಮಕ್ಕಳ ಕೈಗೆ ಕೋಲು ಕೊಟ್ಟು ಪೆಟ್ಟು ಕಲಿಸುತ್ತಾರೆ. ಕೊರಗ ಭಾಷೆಯ ನಾಲ್ಕು ಮಾತನ್ನೂ ಹೇಳಿಕೊಡುತ್ತಾರೆ. ಅದು ತುಳು ಅಲ್ಲ, ಬೇರೆಯೇ ಭಾಷೆ ಎಂಬುದು ಎಷ್ಟೋ ಶಿಕ್ಷಕರಿಗೂ ಗೊತ್ತಿರಲಿಲ್ಲ.

ಮಾಡಬೇಕೆಂದಿರುವ ಶಿಕ್ಷಕರಿಗೆ ಎರಡು ಮಾತು. ಬೇರೆ ಸಂಪನ್ಮೂಲ ವ್ಯಕ್ತಿಗಳಿಗೆ ಎಷ್ಟು ಸಂಭಾವನೆ ಕೊಡುತ್ತೀರೋ ಇವರಿಗೂ ಅಷ್ಟೇ ಕೊಡಿ, ಅದೇ ದಿನ ಕೊಡಿ. ಬಳ್ಳಿಯ ಹಣ ಬೇರೆ. ಕ್ಲಾಸಿನಲ್ಲಿ ಆ ಸಮುದಾಯದ ಮಕ್ಕಳಿದ್ದರೆ ಬೆರಳು ಮಾಡಿ ತೋರಿಸಬೇಡಿ. ಹೇಳಬೇಕೋ ಬೇಡವೋ ಎಂಬುದು ಅವರಿಗೆ ಬಿಟ್ಟದ್ದು. ಆಗಸ್ಟ್ 18ರ ಹತ್ತಿರ ಕಾರ್ಯಕ್ರಮ ಇಡಬೇಡಿ. 1993ರ ಭೂಮಿ ಹೋರಾಟದ ನೆನಪಿಗೆ ಅವರು ಆ ದಿನ ಭೂಮಿ ಹಬ್ಬ ಮಾಡುತ್ತಾರೆ.

ಈ ವರ್ಷದ ತಾರೀಕು ಇನ್ನೂ ಗೊತ್ತಾಗಿಲ್ಲ. ಕಳೆದ ವಾರ ಅಕ್ಕನಿಗೆ ಫೋನ್ ಮಾಡಿದ್ದೆ. "ಮಳೆ ಬಿಡಲಿ ಮಾಷ್ಟ್ರೇ, ಗುಡ್ಡೆ ಜಾರ್ತದೆ. ಈ ಸಲ ಕಡ್ಡಿ ನಾನೇ ಕತ್ತರಿಸ್ತೇನೆ" ಎಂದರು.