ಎಲ್ಲಕ್ಕೂ ‘ಗ್ಯಾಸ್ಟ್ರಿಕ್’ ಅನ್ನುವ ಮುಂಚೆ: ಕರುಳು ಕೆಟ್ಟಿದೆಯಾ ಅಂತ ತಿಳಿಯುವುದು ಹೇಗೆ?

ಎದೆ ಉರಿದರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದರೂ ಗ್ಯಾಸ್ಟ್ರಿಕ್, ತಲೆ ನೋವಾದರೂ ಗ್ಯಾಸ್ಟ್ರಿಕ್. ಮೆಡಿಕಲ್ ಶಾಪಿನಲ್ಲಿ ಅಷ್ಟು ಹೇಳಿದರೆ ಸಾಕು, ಒಂದು ಸ್ಟ್ರಿಪ್ ಮಾತ್ರೆ ಕೈಗೆ ಬರುತ್ತದೆ. ಆದರೆ ಇದರಲ್ಲಿ ನಿಜವಾದ ಕಾಯಿಲೆ ಯಾವುದು, ನಿನ್ನೆ ರಾತ್ರಿ ಉಂಡಿದ್ದರ ಫಲ ಯಾವುದು ಅಂತ ಮನೆಯಲ್ಲೇ ಒಂದಷ್ಟು ಬೇರ್ಪಡಿಸಬಹುದು. ಒಂದು ನೋಟ್‌ಬುಕ್ ಬೇಕು, ಎರಡು ವಾರ ತಾಳ್ಮೆ ಬೇಕು, ಸ್ವಲ್ಪ ನಾಚಿಕೆ ಬಿಡಬೇಕು.

ಶುರು ಮಾಡುವ ಮುಂಚೆ ಒಂದು ಮಾತು. ಎದೆ ಮಧ್ಯೆ ಒತ್ತಿ ಹಿಡಿದ ಹಾಗೆ ನೋವು, ಅದು ಕೈಗೋ ದವಡೆಗೋ ಹರಿಯುವುದು, ಬೆವರು, ಉಸಿರಾಡಲು ಕಷ್ಟ, ಇಂಥದ್ದಾದರೆ ಸೋಡಾ ಕುಡಿದು ತೇಗು ಬರಲಿ ಅಂತ ಕಾಯಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಹೃದಯಾಘಾತ ಬರೀ ಹೊಟ್ಟೆ ತೊಳಸಿದ ಹಾಗೂ ಕಾಣಿಸಬಹುದು. ಸೀದಾ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಹಂತ 1: ಫ್ಲಶ್ ಮಾಡುವ ಮುಂಚೆ ನೋಡಿ

ಅಸಹ್ಯ ಅನ್ನಿಸಬಹುದು, ಆದರೆ ಇಷ್ಟು ಸುಲಭವಾಗಿ, ದುಡ್ಡಿಲ್ಲದೆ ಸಿಗುವ ರಿಪೋರ್ಟ್ ಇನ್ನೊಂದಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು 1997ರಲ್ಲಿ ಮಲವನ್ನು 7 ಬಗೆಯಾಗಿ ವಿಂಗಡಿಸಿ ಪ್ರಕಟಿಸಿದ ಪಟ್ಟಿಯನ್ನು ಇವತ್ತಿಗೂ ಡಾಕ್ಟರುಗಳು ಬಳಸುತ್ತಾರೆ. ಒಂದನೆಯ ಬಗೆ ಆಡಿನ ಹಿಕ್ಕೆಯ ಹಾಗೆ ಗಟ್ಟಿ ಗಟ್ಟಿ ಉಂಡೆ, ಏಳನೆಯದು ಬರೀ ನೀರು. ಮಧ್ಯದ 3 ಮತ್ತು 4, ಅಂದರೆ ಒಂದೇ ತುಂಡಾಗಿ, ಮುಕ್ಕರಿಯದೆ ಹೊರಬರುವುದು, ಚೆನ್ನಾಗಿರುವ ಲಕ್ಷಣ. 1 ಮತ್ತು 2 ಮಲಬದ್ಧತೆಯ ಕಡೆಗೆ, 6 ಮತ್ತು 7 ಭೇದಿಯ ಕಡೆಗೆ.

ಎಷ್ಟು ಸಲ ಅನ್ನುವುದರ ಬಗ್ಗೆ ನಮ್ಮ ಮನೆಗಳಲ್ಲಿ ಅನಗತ್ಯ ಗಾಬರಿ ಜಾಸ್ತಿ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜವೇ. ಒಂದು ದಿನ ಆಗಲಿಲ್ಲ ಅಂತ ರಾತ್ರಿ ಚೂರ್ಣ ನುಂಗುವ ಅಗತ್ಯವಿಲ್ಲ. ಗಮನಿಸಬೇಕಾದ್ದು ನಿಮ್ಮ ಮಾಮೂಲಿ ಕ್ರಮ ಬದಲಾಗಿ, ಅದು ವಾರಗಟ್ಟಲೆ ಹಾಗೇ ಉಳಿದಿದೆಯಾ ಅನ್ನುವುದು.

ಬಣ್ಣವನ್ನೂ ನೋಡಿ. ಬೀಟ್‌ರೂಟ್ ಪಲ್ಯ ತಿಂದ ಮರುದಿನ ಕೆಂಪು, ಕಬ್ಬಿಣದ ಮಾತ್ರೆ ತಗೊಂಡರೆ ಕಪ್ಪು, ಇವಕ್ಕೆ ಹೆದರಬೇಡಿ. ಮಾತ್ರೆ ಇಲ್ಲದೆಯೂ ಕಪ್ಪಗೆ, ಜಿಗುಟಾಗಿ, ವಿಪರೀತ ವಾಸನೆಯಿದ್ದರೆ ಜಠರದ ಕಡೆ ರಕ್ತ ಸೋರುತ್ತಿರಬಹುದು, ಅವತ್ತೇ ತೋರಿಸಿ. ಎಣ್ಣೆ ಎಣ್ಣೆಯಾಗಿ ತೇಲುತ್ತಾ, ಎಷ್ಟು ನೀರು ಹಾಕಿದರೂ ಹೋಗದಿದ್ದರೆ ಕೊಬ್ಬು ಸರಿಯಾಗಿ ಜೀರ್ಣವಾಗುತ್ತಿಲ್ಲ ಅಂತ ಅನುಮಾನಿಸಬೇಕು. ಮಲ ಬಿಳಿಚಿಕೊಂಡು, ಮೂತ್ರ ಗಾಢವಾಗಿ, ಕಣ್ಣು ಹಳದಿಯಾದರೆ ಅದು ಪಿತ್ತಕೋಶ, ಯಕೃತ್ತಿನ ವಿಷಯ. ಅದಕ್ಕೂ ತಡ ಮಾಡಬಾರದು.

ಹಂತ 2: ಎರಡು ವಾರ ಬರೆದಿಡಿ

ಏನು ತಿಂದಿರಿ, ಎಷ್ಟು ಹೊತ್ತಿಗೆ, ಆಮೇಲೆ ಏನಾಯಿತು, ನಿದ್ದೆ ಹೇಗಿತ್ತು, ಯಾವ ಮಾತ್ರೆ ತಗೊಂಡಿರಿ, ಇಷ್ಟೇ. ಉದ್ದಕ್ಕೆ ಬರೆಯಬೇಕಾಗಿಲ್ಲ. ನಾಲ್ಕೈದು ದಿನಕ್ಕೇ ಒಂದು ಜಾಡು ಕಾಣತೊಡಗುತ್ತದೆ.

ಅವರೆಕಾಯಿ ಕಾಲದಲ್ಲಿ ಮನೆಮಂದಿಗೆಲ್ಲ ಗ್ಯಾಸು ಅಲ್ವಾ? ಅದು ರೋಗವಲ್ಲ. ಅವರೆ, ಹುರುಳಿ, ಕಡಲೆಯಲ್ಲಿರುವ ಕೆಲವು ಬಗೆಯ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯರ ಸಣ್ಣ ಕರುಳಿನಲ್ಲಿ ಇಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಊಟವಾಗಿ, ಗಾಳಿ ಹುಟ್ಟುತ್ತದೆ. ಒಣಕಾಳನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲಿ ಬೇಯಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಹಾಗೇ ಬೆಳಿಗ್ಗೆ ಕಾಫಿ ಕುಡಿದ ಕೂಡಲೇ ಓಡಬೇಕಾಗುವುದೂ ಕಾಯಿಲೆಯಲ್ಲ, ಕಾಫಿ ಕರುಳನ್ನು ಎಬ್ಬಿಸುತ್ತದೆ, ಅಷ್ಟೇ.

ಹಾಲಿನ ಮೇಲೆ ಮಾತ್ರ ಒಂದು ಕಣ್ಣಿರಲಿ. ದಕ್ಷಿಣ ಭಾರತದಲ್ಲಿ ಬಹಳಷ್ಟು ದೊಡ್ಡವರಿಗೆ ಹಾಲಿನಲ್ಲಿರುವ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಪೂರ್ತಿ ಅರಗುವುದಿಲ್ಲ. ಒಂದೆರಡು ವಾರ ಹಾಲು ಬಿಟ್ಟು ನೋಡಿ, ಆಮೇಲೆ ಒಂದು ದೊಡ್ಡ ಲೋಟ ಕುಡಿದು ನೋಡಿ. ಬಿಟ್ಟಾಗ ಉಬ್ಬರ ಇಳಿದು, ಕುಡಿದಾಗ ಮತ್ತೆ ಬಂದರೆ ಉತ್ತರ ಹೆಚ್ಚೂಕಡಿಮೆ ಸಿಕ್ಕ ಹಾಗೆ. ಅಂಥವರಿಗೂ ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ. ಒಂದೇ ಸಲಕ್ಕೆ ಹಾಲು, ಗೋಧಿ, ಎಣ್ಣೆ, ಖಾರ ಎಲ್ಲ ಬಿಡಬೇಡಿ. ಯಾವುದರಿಂದ ಗುಣವಾಯಿತು ಅಂತ ಗೊತ್ತಾಗುವುದಿಲ್ಲ, ಸುಮ್ನೆ ಸೊರಗುತ್ತೀರಿ.

ಹಂತ 3: ಹೊಟ್ಟೆಯ ಹೊರಗಿನ ಸುಳಿವು

ರಕ್ತಹೀನತೆ, ಕಾರಣವಿಲ್ಲದ ಸುಸ್ತು, ಕೈಕಾಲು ಜುಮುಗುಡುವುದು, ಪದೇ ಪದೇ ಬಾಯಿಹುಣ್ಣು. ತಿಂದದ್ದರಲ್ಲಿನ ಕಬ್ಬಿಣ, ವಿಟಮಿನ್ ಬಿ12 ಮೈಗೆ ಹತ್ತದಿದ್ದಾಗ ಹೀಗಾಗುವುದುಂಟು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ, ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಿಗೆ ಬಿ12 ಇಳಿಯುವ ಸಾಧ್ಯತೆ ಜಾಸ್ತಿ. ಇನ್ನು ಮೊಡವೆ, ಕೂದಲು ಉದುರುವುದು, ಸಿಟ್ಟು, ಬಿಳಿ ನಾಲಿಗೆ ಎಲ್ಲಕ್ಕೂ ಕರುಳೇ ಕಾರಣ ಅನ್ನುವ ರೀಲ್ಸುಗಳನ್ನು ಪಕ್ಕಕ್ಕಿಡಿ.

ಹಂತ 4: ಸಣ್ಣ ಬದಲಾವಣೆ ಮಾಡಿ ನೋಡಿ

ಹಂತ 5ರಲ್ಲಿ ಹೇಳಿರುವ ಅಪಾಯದ ಗುರುತು ಯಾವುದೂ ಇಲ್ಲದಿದ್ದರೆ ಮೊದಲು ನಾರು ಹೆಚ್ಚಿಸಿ. ದಿನಕ್ಕೆ 25ರಿಂದ 30 ಗ್ರಾಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಿಧಾನಕ್ಕೆ ಹೆಚ್ಚಿಸಿ, ನೀರೂ ಜಾಸ್ತಿ ಕುಡಿಯಿರಿ, ಇಲ್ಲದಿದ್ದರೆ ಇದ್ದ ಉಬ್ಬರ ಇನ್ನಷ್ಟಾಗುತ್ತದೆ. ರಾತ್ರಿ ಊಟ ಮಾಡಿ ಎರಡು ಮೂರು ಗಂಟೆ ಬಿಟ್ಟು ಮಲಗಿ.

ಹಂತ 5: ಡಾಕ್ಟರ ಹತ್ತಿರ ಯಾವಾಗ?

ಮಲದಲ್ಲಿ ರಕ್ತ, ಪ್ರಯತ್ನಪಡದೆ ತೂಕ ಇಳಿಯುವುದು, ನುಂಗಲು ಕಷ್ಟ, ನಿಲ್ಲದ ವಾಂತಿ, ಬಿಟ್ಟು ಬಿಟ್ಟು ಬರುವ ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇದ್ದದ್ದು, 45 ದಾಟಿದ ಮೇಲೆ ಹೊಸದಾಗಿ ಶುರುವಾದ ಬದಲಾವಣೆ. ಇವುಗಳಲ್ಲಿ ಒಂದಿದ್ದರೂ ನೋಟ್‌ಬುಕ್ ಎರಡು ವಾರ ತುಂಬಲಿ ಅಂತ ಕಾಯಬೇಡಿ. ರಕ್ತ ಕಂಡ ಕೂಡಲೇ ಮೂಲವ್ಯಾಧಿ ಅಂತ ತಾವೇ ತೀರ್ಮಾನಿಸಿ ಸುಮ್ಮನಿರುವವರು ಬಹಳ. ಜ್ವರ, ತೂಕ ಇಳಿತ, ಹೊಟ್ಟೆನೋವು ಒಟ್ಟಿಗೆ ಬಂದರೆ ಕರುಳಿನ ಕ್ಷಯವೂ ಇರಬಹುದು, ನಮ್ಮ ದೇಶದಲ್ಲಿ ಅದು ಅಪರೂಪವೇನಲ್ಲ.

ಕರುಳಿನ ಬ್ಯಾಕ್ಟೀರಿಯಾ ಎಣಿಸಿಕೊಡುತ್ತೇವೆ ಅನ್ನುವ ದುಬಾರಿ ಕಿಟ್‌ಗಳಿಗೆ ಈಗಲೇ ದುಡ್ಡು ಸುರಿಯಬೇಡಿ, ಅದರ ರಿಪೋರ್ಟ್ ನೋಡಿ ಚಿಕಿತ್ಸೆ ಬರೆಯುವಷ್ಟು ವಿಜ್ಞಾನ ಇನ್ನೂ ಮುಂದುವರಿದಿಲ್ಲ. ಡಾಕ್ಟರು ಸಾಮಾನ್ಯವಾಗಿ ರಕ್ತಪರೀಕ್ಷೆ, ಥೈರಾಯ್ಡ್, ಮಲಪರೀಕ್ಷೆಯಿಂದ ಶುರು ಮಾಡುತ್ತಾರೆ. ಜಠರದ ಹುಣ್ಣಿಗೆ ಕಾರಣವಾಗುವ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇದೆಯಾ ಅಂತ ಉಸಿರಿನ ಪರೀಕ್ಷೆ ಬರೆದರೆ, ನೀವು ನುಂಗುತ್ತಿರುವ ಗ್ಯಾಸ್ಟ್ರಿಕ್ ಮಾತ್ರೆಯ ಹೆಸರನ್ನು ಅವರಿಗೆ ತಪ್ಪದೆ ಹೇಳಿ. ಎರಡು ವಾರ ಮುಂಚೆ ಅದನ್ನು ನಿಲ್ಲಿಸದಿದ್ದರೆ ಸೋಂಕಿದ್ದರೂ ಇಲ್ಲ ಅಂತ ಬರಬಹುದು. ಆದರೆ ನಿಲ್ಲಿಸುವುದು ಅವರನ್ನು ಕೇಳಿಯೇ, ಅದರಲ್ಲೂ ಹೃದಯಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ.