ಕಷ್ಟದ ಇಂಗ್ಲಿಷ್ ಪದ ತಲೆಯಲ್ಲಿ ನಿಲ್ಲಲು ನಾನು ಮಾಡುವುದು

ಆಫೀಸಿನ ಬೀಳ್ಕೊಡುಗೆಯಲ್ಲಿ ಬಾಸ್‌ರನ್ನು ಹೊಗಳಲು ಹೋಗಿ 'ನೊಟೋರಿಯಸ್' ಅಂದುಬಿಟ್ಟೆ. ಫೇಮಸ್‌ಗಿಂತ ತೂಕದ ಪದ ಅಂದುಕೊಂಡಿದ್ದೆ. ಅದರ ಅರ್ಥ ಕುಖ್ಯಾತ! ಅವತ್ತೇ ಪದಪಟ್ಟಿ ಉರು ಹೊಡೆಯುವುದನ್ನು ಬಿಟ್ಟೆ.

ಈಗ ದಿನಕ್ಕೆ 3 ಪದ, ಜಾಸ್ತಿ ಬೇಡ. ಪೇಪರ್‌ನಲ್ಲಿ ಸಿಕ್ಕ ಪದವನ್ನು ಪೂರ್ತಿ ವಾಕ್ಯದ ಸಮೇತ ಬರೆದುಕೊಳ್ಳಿ. ಹೊಗಳಿಕೆಯೋ ಬೈಗುಳವೋ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಡಿಕ್ಷನರಿಯಲ್ಲಿ ಪದದ ಬೇರು ಹುಡುಕಿ. 'ಕ್ಯಾಂಡಿಡ್' ಅಂದರೆ ಮುಚ್ಚುಮರೆಯಿಲ್ಲದ. ಲ್ಯಾಟಿನ್‌ನಲ್ಲಿ 'ಕ್ಯಾಂಡಿಡಸ್' ಅಂದರೆ ಬಿಳಿ. ಹಳೇ ರೋಮ್‌ನಲ್ಲಿ ಚುನಾವಣೆಗೆ ನಿಂತವರು ಸೀಮೆಸುಣ್ಣ ತಿಕ್ಕಿದ ಬಿಳಿ ಬಟ್ಟೆ ಹೊದ್ದು ಓಟು ಕೇಳುತ್ತಿದ್ದರು. 'ಕ್ಯಾಂಡಿಡೇಟ್' ಹುಟ್ಟಿದ್ದು ಹಾಗೆ. ನಮ್ಮ ಖಾದಿಯವರೂ ನೆನಪಾಗುತ್ತಾರೆ, ಅಲ್ವಾ?

ಮನೆಯವರನ್ನೂ ಬಿಡಬೇಡಿ. 'ಲೊಕ್ವೇಷಸ್' ಅಂದರೆ ವಾಚಾಳಿ. ಪುಸ್ತಕದಲ್ಲಿ ಅದರ ಪಕ್ಕ ನಮ್ಮ ಸೋದರತ್ತೆಯ ಹೆಸರಿದೆ. ಅದೇ ಬೇರಿನ 'ಎಲೊಕ್ವೆಂಟ್' ಅಂದರೆ ಮನಮುಟ್ಟುವಂತೆ ಮಾತಾಡುವವರು. ಅಲ್ಲಿ ಅತ್ತೆಯ ಹೆಸರಿಲ್ಲ, ಅವರಿಗೆ ಹೇಳಬೇಡಿ.

ಸುಮ್ನೆ ಮತ್ತೆ ಮತ್ತೆ ಓದಿದರೆ ಆಗದು. ಮಾರನೇ ದಿನ, 3 ದಿನ ಬಿಟ್ಟು, ಆಮೇಲೆ ವಾರ ಬಿಟ್ಟು, ಅರ್ಥದ ಮೇಲೆ ಕೈ ಮುಚ್ಚಿ ನೆನಪಿಸಿಕೊಳ್ಳಿ. ತಪ್ಪಿದ ಪದ ಮತ್ತೆ ಮೊದಲ ದಿನಕ್ಕೆ.